ವಿದ್ಯುಚ್ಛಕ್ತಿಯೂ ನೆಲದ ಋಣವೂ

ಜಾಲಹಳ್ಳಿಯನ್ನೊಳಗೊಂಡ ದೇವದುರ್ಗದ ಸೀಮೆಯನ್ನು ದಾಟಿ ಕೆಳಕ್ಕೆ ಹರಿಯುವ ಕೃಷ್ಣೆಯು ರಾಯಚೂರಿನ ಬಡಗಣ ದಿಕ್ಕಿನಲ್ಲಿ ದೇವಸೂಗೂರನ್ನು ಮುಟ್ಟುತ್ತಾಳೆ. ಅಲ್ಲಿಯ ಶಕ್ತಿನಗರದಲ್ಲಿ ೧೯೮೫ರಲ್ಲಿ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕವು ನಡೆಯತೊಡಗಿತು; ಕ್ರಮೇಣ ಘಟಕಗಳು ಎಂಟಾಗಿ, ಸಾಮರ್ಥ್ಯವು ೧೭೨೦ ಮೆಗಾವಾಟಿಗೆ ಏರಿತು. ನಮ್ಮ ನಾಡಿನಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಇದ್ದಲು ಹೊರನಾಡಿನಿಂದ ರೈಲಿನಲ್ಲಿ ಬರುತ್ತದೆ, ನೀರನ್ನು ಹೊಳೆ ಕೊಡುತ್ತದೆ, ಬೆಳಕು ರಾಜ್ಯಕ್ಕೆಲ್ಲ ಹಂಚಿಹೋಗುತ್ತದೆ, ಬೂದಿ ಮಾತ್ರ ಇಲ್ಲಿ ಉಳಿಯುತ್ತದೆ. ಆದುದರಿಂದ ಇದ್ದಲನ್ನು ಬಿಟ್ಟು ಬಿಸಿಲು ಗಾಳಿಗಳತ್ತ ತಿರುಗಬೇಕೆಂಬ ಮಾತು ನಮಗೆ ಹಿತವಾಗಿಯೇ ಕೇಳಿಸುತ್ತದೆ. ಆದರೆ ಹೊಗೆಯಿಲ್ಲದ ವಿದ್ಯುತ್ತಿಗೂ ಬೆಲೆ ತೆತ್ತವರಿದ್ದಾರೆ. ಅವರ ಚರಿತ್ರೆಯನ್ನು ಒಮ್ಮೆ ತಿರುವಿನೋಡುವುದು ಯುಕ್ತ.

ಶಿವನಸಮುದ್ರದ ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರವರು ೧೯೦೧ರಲ್ಲಿ ತೀರಿಕೊಂಡರು. ಮರುವರ್ಷ ಕಾವೇರಿಯ ಶಕ್ತಿಯು ಸುಮಾರು ೯೨ ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿಗೆ ದೀಪ ಬಂದುದು ೧೯೦೫ರಲ್ಲಿ. ತಂತಿಯು ತಲೆಯ ಮೇಲೆಯೇ ಹಾದುಹೋದ ಹಳ್ಳಿಗಳು ಕಾದವು. ಹಣ ಕೊಡಬಲ್ಲವರು ಗಣಿಯವರಾದುದರಿಂದ ಸಂಸ್ಥಾನವು ಹೀಗೆ ಮಾಡಿತೆಂದು ಸಮಾಧಾನ ಹೇಳಬಹುದು. ಕಾದವರಿಗೆ ಅದು ಸಮಾಧಾನವಾಗಿತ್ತೇ ಎಂಬುದು ಬೇರೆ.

ಶರಾವತಿಯ ಸಂಗತಿ ಇದಕ್ಕಿಂತ ಕಠಿನವಾದುದು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ತೋಟ ಗದ್ದೆ ದೇವಾಲಯಗಳೊಡನೆ ಊರೂರುಗಳೇ ನೀರಿನಡಿಯಾದವು. ನಾಡಿನ ಕೈಗಾರಿಕೆಗೆ ಅದರಿಂದ ಅಗ್ಗದ ಶಕ್ತಿ ದೊರೆಯಿತೆಂಬುದು ಸತ್ಯ. ಎತ್ತಂಗಡಿಯಾದವರಲ್ಲಿ ಅನೇಕರನ್ನು ಕಾಡಿನ ನೆಲದಲ್ಲಿ ಕೂರಿಸಿದರು. ಆ ನೆಲದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಕಚೇರಿಗಳನ್ನು ಅಲೆಯುತ್ತಿದ್ದಾರೆ. ಹಿನ್ನೀರಿನಾಚೆ ಉಳಿದವರು ಲಾಂಚನ್ನು ನಂಬಿ ಬದುಕಿದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು ೨೦೨೫ರ ಜುಲೈಯಲ್ಲಿ, ಎಂದರೆ ಅರುವತ್ತೊಂದು ವರ್ಷಗಳ ಮೇಲೆ.

ಪಾವಗಡದಲ್ಲಿ ಸರ್ಕಾರವು ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಂತೆ ತೋರುತ್ತದೆ. ಅಲ್ಲಿಯ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ, ಬರದಿಂದ ಬೆಂದ ಸುಮಾರು ೧೩,೦೦೦ ಎಕರೆಯಲ್ಲಿ, ೨೦೫೦ ಮೆಗಾವಾಟಿನ ಸೌರ ಉದ್ಯಾನವು ಎದ್ದಿತು. ೨೦೧೮ರಲ್ಲಿ ಅದರ ಮೊದಲ ಹಂತಕ್ಕೆ ಚಾಲನೆ ದೊರೆಯಿತು. ನೆಲವನ್ನು ಕಸಿಯಲಿಲ್ಲ, ಕೊಳ್ಳಲೂ ಇಲ್ಲ; ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ ೫ರ ಏರಿಕೆ. ಮಳೆ ಕೈಕೊಟ್ಟರೆ ಶೇಂಗಾ ಬಿತ್ತಿದ ಬೀಜವೂ ಹುಟ್ಟದಿದ್ದ ಒಕ್ಕಲಿಗೆ ಇದು ಸಣ್ಣ ಉಪಕಾರವಲ್ಲ, ಮತ್ತು ನೆಲ ಅವನದಾಗಿಯೇ ಉಳಿಯಿತು. ಇದನ್ನು ಹೊಗಳಲು ನಾವು ಹಿಂಜರಿಯಬೇಕಾಗಿಲ್ಲ.

ಆದರೆ ಗೇಣಿಯು ಪಹಣಿಯಲ್ಲಿ ಹೆಸರುಳ್ಳವನಿಗೆ ಸಲ್ಲುವುದು. ಆ ಹೊಲಗಳಲ್ಲಿ ಕಳೆ ಕಿತ್ತು ಕಾಯಿ ಬಿಡಿಸಿದ ಹೆಂಗಸರಿಗೆ ಪಹಣಿಯಿಲ್ಲ; ಸುಗ್ಗಿಯಾದ ಬಯಲಿನಲ್ಲಿ ಕುರಿ ಬಿಡುತ್ತಿದ್ದವನಿಗೂ ಇಲ್ಲ. ಬೇಲಿ ಬಿದ್ದಮೇಲೆ ಕೂಲಿಯೂ ಮೇವೂ ಒಟ್ಟಿಗೆ ಕಡಿಮೆಯಾದವು. ಗಾಜಿನ ಫಲಕಗಳನ್ನು ಒರಸುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ದೊರೆತವು, ಎಲ್ಲರಿಗೂ ಅಲ್ಲ.

ಈ ಮಾತು ನಮ್ಮ ಜಿಲ್ಲೆಗೆ ಹತ್ತಿರವಾದುದು. ಶಕ್ತಿನಗರದ ಒಲೆಗಳು ಎಂದಾದರೊಂದು ದಿನ ಆರುವುವು. ಆಗ ಕಾಯಂ ನೌಕರರನ್ನು ಬೇರೆಡೆಗೆ ವರ್ಗ ಮಾಡಬಹುದು. ಗುತ್ತಿಗೆಯ ಕೂಲಿಯವನು, ಬೂದಿಯ ಲಾರಿ ನಡೆಯಿಸುವವನು, ಆ ಬೂದಿಯಿಂದ ಇಟ್ಟಿಗೆ ಮಾಡುವವನು, ಬಾಗಿಲ ಮುಂದೆ ಚಹಾ ಮಾರುವವಳು, ಇವರನ್ನು ಎಲ್ಲಿಗೆ ವರ್ಗ ಮಾಡುವುದು? ಗುಳೆ ಹೋಗುವುದನ್ನು ಚೆನ್ನಾಗಿ ಬಲ್ಲ ಸೀಮೆಯಿದು. ಇಂಥವರ ಹೆಸರಿನ ಪಟ್ಟಿಯನ್ನು ಒಲೆ ಉರಿಯುತ್ತಿರುವಾಗಲೇ ಬರೆದಿಡಬೇಕು; ದೇವಸೂಗೂರಿನಲ್ಲಿಯೂ ಸುತ್ತಲ ಊರುಗಳಲ್ಲಿಯೂ ಮನೆಮನೆಗೆ ಹೋಗಿ ಆ ಕೆಲಸವನ್ನು ಆರಂಭಿಸಲು ಅಣೆಕಟ್ಟೂ ಬೇಡ, ಫಲಕವೂ ಬೇಡ, ಒಂದು ದಫ್ತರವೂ ಇಬ್ಬರು ಗುಮಾಸ್ತರೂ ಸಾಕು.