ಸೇಗಾ ಕೈಬಿಟ್ಟ ಪೆಟ್ಟಿಗೆಗಳಲ್ಲಿ ಡೂಮ್

1994ರ ನವೆಂಬರಿನಲ್ಲಿ ಸೇಗಾ ಕಂಪನಿ ಅಮೆರಿಕದ ಅಂಗಡಿಗಳಿಗೆ 32ಎಕ್ಸ್ ಎಂಬ ಉಪಕರಣ ತಂದಿತು. ತನ್ನದೇ ಹಳೆಯ ಜೆನೆಸಿಸ್ ಕನ್ಸೋಲ್‌ನ ನೆತ್ತಿಗೆ ಸಿಕ್ಕಿಸಿದರೆ ಕಪ್ಪು ಅಣಬೆಯಂತೆ ಕಾಣುತ್ತಿದ್ದ ಅದರೊಳಗೆ ಹಿಟಾಚಿಯ ಎರಡು ಎಸ್‌ಎಚ್-2 ಪ್ರೊಸೆಸರ್‌ಗಳಿದ್ದವು. ಜೊತೆಯಲ್ಲೇ ಬಂದ ಆಟಗಳಲ್ಲಿ ಡೂಮ್ ಒಂದು. ಹಿಂದಿನ ವರ್ಷ ಡಿಸೆಂಬರ್ 10ರಂದು ಪಿಸಿಗೆ ಬಂದು ಜನರ ನಿದ್ದೆ ಕೆಡಿಸಿದ್ದ ಆಟ ಅದು. ಆದರೆ ಇಲ್ಲಿ ಪರದೆಯ ಸುತ್ತ ದಪ್ಪ ಅಂಚು, ಅದರೊಳಗೆ ಕಿಟಕಿಯಷ್ಟು ಆಟ. ಹಂತಗಳು 17 ಮಾತ್ರ. ರಾಕ್ಷಸರಿಗೆ ಬೆನ್ನೇ ಇಲ್ಲ; ಯಾವ ಕಡೆಗೆ ನಡೆದರೂ ಮುಖ ಆಟಗಾರನತ್ತಲೇ. ಸಂಗೀತವಂತೂ ಇಂದಿಗೂ ನಗೆಪಾಟಲು.

ಬರೆದವರು ದಡ್ಡರಾಗಿರಲಿಲ್ಲ. ಅವರಿಗೆ ಇಲ್ಲದಿದ್ದದ್ದು ಸಮಯ.

ಈ ಮಾತಿಗೆ 3ಡಿಒ ಎಂಬ ಇನ್ನೊಂದು ಕನ್ಸೋಲ್‌ನ ಕಥೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಲ್ಲಿ ಡೂಮ್ ತರುವ ಹಕ್ಕು ಕೊಂಡಿದ್ದ ಸಣ್ಣ ಕಂಪನಿಯ ಒಡೆಯನಿಗೆ ಆಟ ಹೇಗೆ ತಯಾರಾಗುತ್ತದೆ ಎಂಬ ಅಂದಾಜೇ ಇರಲಿಲ್ಲ. ಹೊಸ ಬಂದೂಕಿನ ಚಿತ್ರ ಬರೆದು ಸೇರಿಸಿದರೆ ಅದು ತಾನಾಗಿ ಗುಂಡು ಹಾರಿಸುತ್ತದೆಂದು ಆತ ನಂಬಿದ್ದನಂತೆ. ಕೊನೆಗೆ ಕೆಲಸ ಪ್ರೋಗ್ರಾಮರ್ ರೆಬೆಕಾ ಹೈನ್‌ಮನ್ ಅವರ ತಲೆಗೆ ಬಂತು, ಹತ್ತೇ ವಾರಗಳ ಗಡುವಿನೊಂದಿಗೆ. ಸಂಗೀತ ನುಡಿಸುವ ಡ್ರೈವರ್ ಬರೆಯಲು ಆಕೆಗೆ ಪುರಸೊತ್ತಿರಲಿಲ್ಲ. ಒಡೆಯನ ಬ್ಯಾಂಡೇ ಡೂಮ್‌ನ ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿತು, ಅದನ್ನೇ ಸಿಡಿಗೆ ಹಾಕಿದರು. ಆಟ ಕುಂಟುತ್ತಿತ್ತು, ಆದರೆ ಆ ಗಿಟಾರ್ ಸದ್ದು ಮಾತ್ರ ಅಭಿಮಾನಿಗಳಿಗೆ ಇಂದಿಗೂ ಪ್ರಿಯ. ಅಷ್ಟರಮಟ್ಟಿಗೆ ಆ ಒಡೆಯ ಗೆದ್ದ.

ಇಷ್ಟೆಲ್ಲ ಯಂತ್ರಗಳಿಗೆ ಡೂಮ್ ಹೋಗಲು ಸಾಧ್ಯವಾದದ್ದು ಅದು ಹುಟ್ಟಿದ ರೀತಿಯಿಂದ. ಟೆಕ್ಸಾಸಿನ ಐಡಿ ಸಾಫ್ಟ್‌ವೇರ್‌ನಲ್ಲಿ ಜಾನ್ ಕಾರ್ಮ್ಯಾಕ್ ಮತ್ತು ಸಂಗಡಿಗರು ಆಟವನ್ನು ಬರೆದದ್ದು ಸ್ಟೀವ್ ಜಾಬ್ಸ್‌ನ ನೆಕ್ಸ್ಟ್ ಕಂಪ್ಯೂಟರ್‌ಗಳ ಮೇಲೆ, ಮಾರಿದ್ದು ಡಾಸ್ ಪಿಸಿಗಳಿಗೆ. ಎರಡು ಯಂತ್ರಗಳಲ್ಲೂ ಓಡಬೇಕಾದ್ದರಿಂದ ಪರದೆ, ಸದ್ದು, ಕೀಲಿಮಣೆಗೆ ಸಂಬಂಧಿಸಿದ ಭಾಗಗಳನ್ನು ಬೇರೆ ಕಡತಗಳಲ್ಲಿಟ್ಟಿದ್ದರು. ಉಳಿದದ್ದೆಲ್ಲ ಬಹುಪಾಲು ಶುದ್ಧ ಸಿ ಭಾಷೆ. ಗೋಡೆ, ರಾಕ್ಷಸ, ನಕ್ಷೆಗಳೆಲ್ಲ ವ್ಯಾಡ್ ಎಂಬ ಪ್ರತ್ಯೇಕ ಕಡತದಲ್ಲಿ. ಅಂದರೆ ಹೊಸ ಯಂತ್ರಕ್ಕೆ ಒಯ್ಯುವವನು ಬದಲಿಸಬೇಕಾದದ್ದು ಅಂಚಿನ ಕೆಲವು ಕಡತಗಳನ್ನು ಮಾತ್ರ.

1997ರ ಡಿಸೆಂಬರ್ 23ರಂದು ಕಾರ್ಮ್ಯಾಕ್ ಆ ಸೋರ್ಸ್ ಕೋಡನ್ನು ಬಹಿರಂಗಗೊಳಿಸಿದರು. ಬಿಟ್ಟದ್ದು ಲಿನಕ್ಸ್ ಆವೃತ್ತಿ. ಡಾಸ್ ಆವೃತ್ತಿಯ ಧ್ವನಿ ಲೈಬ್ರರಿ ಹೊರಗಿನವರ ಸ್ವತ್ತಾದ್ದರಿಂದ ಅದನ್ನು ಹಂಚುವಂತಿರಲಿಲ್ಲ. 1999ರಲ್ಲಿ ಅದೇ ಕೋಡ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಐಡಿಯ ಇನ್ನೊಂದು ಆಟ ಕ್ವೇಕ್‌ನ ಸರದಿ.

ಅಷ್ಟು ಹೊತ್ತಿಗೆ ಸೇಗಾದ ಕೊನೆಯ ಕನ್ಸೋಲ್ ಡ್ರೀಮ್‌ಕಾಸ್ಟ್ ಮಾರುಕಟ್ಟೆಯಲ್ಲಿತ್ತು. 1998ರ ನವೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಅದು ಸೋನಿಯ ಪ್ಲೇಸ್ಟೇಷನ್ 2ರ ಎದುರು ನಿಲ್ಲಲಾರದೆ ಹೋಯಿತು; 2001ರ ಮಾರ್ಚಿನಲ್ಲಿ ಅದರ ತಯಾರಿಕೆ ನಿಂತಿತು. ಅದರ ಆಟಗಳು ಬರುತ್ತಿದ್ದದ್ದು ಸುಮಾರು 1 ಜಿಬಿ ಹಿಡಿಸುವ ಜಿಡಿ-ರಾಮ್ ತಟ್ಟೆಗಳಲ್ಲಿ. ಮನೆಯಲ್ಲಿ ಯಾರೂ ಅದನ್ನು ಬರೆಯಲಾರರು, ಹಾಗಾಗಿ ನಕಲಿನ ಭಯವಿಲ್ಲ ಎಂದು ಸೇಗಾ ನಿಶ್ಚಿಂತೆಯಿಂದಿತ್ತು. ಆದರೆ ಹಾಡಿನ ಸಿಡಿಗಳಲ್ಲಿ ಚಿತ್ರ, ಮೆನುಗಳನ್ನೂ ಸೇರಿಸಲೆಂದು ಮಿಲ್-ಸಿಡಿ ಎಂಬ ವಿನ್ಯಾಸಕ್ಕೂ ಯಂತ್ರದಲ್ಲಿ ದಾರಿ ಬಿಟ್ಟಿತ್ತು. ಆ ಹಾಡಿನ ತಟ್ಟೆಗಳು ಜನಪ್ರಿಯವಾಗಲೇ ಇಲ್ಲ. ದಾರಿ ಮಾತ್ರ ತೆರೆದೇ ಇತ್ತು. 2000ದಲ್ಲಿ ಅದು ಬಯಲಾದಾಗ ಸಾಮಾನ್ಯ ಸಿಡಿ-ಆರ್ ಹಾಕಿ ಯಂತ್ರ ಚಾಲೂ ಮಾಡಬಹುದೆಂದು ತಿಳಿಯಿತು. ಸೇಗಾ ಒಂದು ಉಪಾಯವನ್ನೂ ಮಾಡಿತ್ತು: ಮಿಲ್-ಸಿಡಿಯಿಂದ ಓದಿದ ಪ್ರೋಗ್ರಾಮಿನ ತುಣುಕುಗಳನ್ನು ಯಂತ್ರವೇ ಅದಲುಬದಲು ಮಾಡಿಬಿಡುತ್ತಿತ್ತು. ಹವ್ಯಾಸಿಗಳು ಮುಂಚೆಯೇ ತಿರುಗುಮುರುಗಾಗಿ ಕಲಸಿ ಬರೆದರು, ಯಂತ್ರ ಅದನ್ನು ಸರಿಮಾಡಿ ಕೊಟ್ಟಿತು!

ಇದೇ ಕಂಡಿಯಿಂದ ಕಳ್ಳ ಪ್ರತಿಗಳೂ ಹೊಳೆಯಾಗಿ ಹರಿದವು, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಇನ್ನೊಂದು ಗುಂಪು ಸೇಗಾದ ಒಂದು ಸಾಲು ಕೋಡನ್ನೂ ಬಳಸದೆ ಕಲ್ಲಿಸ್ಟಿಒಎಸ್ ಎಂಬ ಮುಕ್ತ ಲೈಬ್ರರಿಯನ್ನು ಕಟ್ಟಿತು. ಡ್ರೀಮ್‌ಕಾಸ್ಟ್‌ನ ಹೋಮ್‌ಬ್ರೂ (ಹವ್ಯಾಸಿಗಳೇ ಮಾಡಿದ) ಡೂಮ್, ಕ್ವೇಕ್‌ಗಳು ಬೆಳೆದದ್ದು ಈ ಗುಂಪಿನ ನಡುವೆ.

ಡೂಮ್ ಓಡಿಸಲು ಡ್ರೀಮ್‌ಕಾಸ್ಟ್ ಧಾರಾಳವಾಗಿ ಸಾಕಿತ್ತು. ಅದರ ಎಸ್‌ಎಚ್-4 ಪ್ರೊಸೆಸರ್‌ನ ವೇಗ 200 ಮೆಗಾಹರ್ಟ್ಸ್. 1993ರ ಡೂಮ್ ಬರೆದದ್ದು 386 ಪಿಸಿಗಳೂ ಎಳೆಯಬಲ್ಲಂತೆ. ಸಂಖ್ಯೆಗಳ ಬೈಟುಗಳನ್ನು ಜೋಡಿಸುವ ಕ್ರಮವೂ ಪಿಸಿಯದೇ ಆದ್ದರಿಂದ ವ್ಯಾಡ್ ಕಡತವನ್ನು ಇದ್ದಂತೆಯೇ ಓದಬಹುದಿತ್ತು. ತೊಡಕು ಬೇರೆ ಕಡೆ ಇತ್ತು. ಮುಖ್ಯ ಮೆಮೊರಿ 16 ಎಂಬಿ. ಡೂಮ್ 2ರ ವ್ಯಾಡ್ ಒಂದೇ 14 ಎಂಬಿಯಷ್ಟು. ಎಲ್ಲವನ್ನೂ ಒಮ್ಮೆಗೆ ತುಂಬಿಕೊಳ್ಳಲಾಗದು, ಬೇಕಾದಾಗ ತಟ್ಟೆಯಿಂದ ತರಬೇಕು. ಆಟ ಉಳಿಸುವುದು ಇನ್ನೂ ಕಿರಿಕಿರಿ. ಡೂಮ್ ತನ್ನ ಸೇವ್ ಕಡತಕ್ಕೆ 1,80,224 ಬೈಟುಗಳವರೆಗೆ ಜಾಗ ಕಾದಿರಿಸುತ್ತದೆ. ಡ್ರೀಮ್‌ಕಾಸ್ಟ್‌ನ ವಿಎಂಯು ಮೆಮೊರಿ ಕಾರ್ಡಿನಲ್ಲಿ ಆಟಗಾರನಿಗೆ ಸಿಗುವುದು 512 ಬೈಟಿನ 200 ಬ್ಲಾಕ್‌ಗಳು. ಹಿಂಡಿ ಕುಗ್ಗಿಸದೆ ಬೇರೆ ದಾರಿಯಿಲ್ಲ.

ಕಂಟ್ರೋಲರ್‌ನಲ್ಲಿ ಅನಲಾಗ್ ಕಡ್ಡಿ ಒಂದೇ. ಮೇಲೆ ಕೆಳಗೆ ನೋಡುವ ಅಗತ್ಯವೇ ಇಲ್ಲದ ಡೂಮ್‌ಗೆ ಅಷ್ಟು ಸಾಕು. ಕ್ವೇಕ್‌ನಲ್ಲಿ ತಲೆಯೆತ್ತಿಯೂ ನೋಡಬೇಕು. ಅದಕ್ಕೆ ಬಲಗಡೆಯ ನಾಲ್ಕು ಬಟನ್‌ಗಳೇ ಗತಿ, ಇಲ್ಲವೆಂದರೆ ಸೇಗಾವೇ ಮಾರಿದ್ದ ಮೌಸ್, ಕೀಲಿಮಣೆ ಹುಡುಕಿಕೊಳ್ಳಬೇಕು.

ಕಾನೂನಿನ ಗೆರೆಯನ್ನೂ ಕಾರ್ಮ್ಯಾಕ್ ಸ್ಪಷ್ಟವಾಗಿ ಎಳೆದಿದ್ದರು. ಕೋಡ್ ಮುಕ್ತ, ಆಟದ ಚಿತ್ರ-ನಕ್ಷೆಗಳು ಮುಕ್ತವಲ್ಲ. ಹೀಗಾಗಿ ಪ್ರಾಮಾಣಿಕ ಪೋರ್ಟ್‌ಗಳು, ಅಂದರೆ ಬೇರೆ ಯಂತ್ರಕ್ಕೆ ಒಯ್ದ ಆವೃತ್ತಿಗಳು, ಉಚಿತ ಶೇರ್‌ವೇರ್ ಕಂತನ್ನಷ್ಟೇ ಹೊತ್ತು ಬರುತ್ತವೆ. ಪೂರ್ತಿ ಆಟ ಬೇಕಿದ್ದವರು ತಾವು ಕೊಂಡ ಪ್ರತಿಯ ವ್ಯಾಡ್ ಸೇರಿಸಿ ಸಿಡಿ ಬರೆದುಕೊಳ್ಳಬೇಕು. ಇಡೀ ವ್ಯಾಡನ್ನೇ ಹೊಸದಾಗಿ ರಚಿಸಿ ಹಂಚುವ ಫ್ರೀಡೂಮ್ ಯೋಜನೆ ಹುಟ್ಟಿದ್ದೂ ಈ ಕೊರತೆ ನೀಗಲೆಂದೇ.

ಇನ್ನು 32ಎಕ್ಸ್‌ನ ಬೆನ್ನಿಲ್ಲದ ರಾಕ್ಷಸರ ವಿಷಯ. 1994ರ ಆ ಆವೃತ್ತಿ ಅಟಾರಿ ಜಾಗ್ವಾರ್‌ಗೆಂದು ಐಡಿ ಬರೆದಿದ್ದ ಡೂಮ್‌ನ ಸಂತಾನ. ಆ ಜಾಗ್ವಾರ್ ಕೋಡ್ ಕೂಡ ಮುಂದೆ ಬಹಿರಂಗವಾಯಿತು. 1994ರ ಆವೃತ್ತಿ ಬಂದ ಸುಮಾರು ಕಾಲು ಶತಮಾನದ ನಂತರ ಹವ್ಯಾಸಿಗಳು ಅದನ್ನೇ ಹಿಡಿದು ಡೂಮ್ 32ಎಕ್ಸ್ ರಿಸರೆಕ್ಷನ್ ಎಂಬ ಹೊಸ ಆವೃತ್ತಿಗೆ ಕೈಹಾಕಿದರು. ಬೇರು ಅದೇ, ಪ್ರೊಸೆಸರ್‌ಗಳೂ ಅವೇ ಎರಡು. ಇಲ್ಲಿ ಬೈಟುಗಳ ಕ್ರಮ ಪಿಸಿಗೆ ವಿರುದ್ಧ, ಮೆಮೊರಿಯನ್ನು ಎಣಿಸುವುದು ಕೆಬಿಗಳಲ್ಲಿ. ಗಡುವು ಮಾತ್ರ ಇರಲಿಲ್ಲ. ಎರಡೂ ಪ್ರೊಸೆಸರ್‌ಗಳಿಗೆ ಕೆಲಸ ಹಂಚಿ ವೇಗ ಹೆಚ್ಚಿಸಿದರು, ದಪ್ಪ ಅಂಚು ಕಿತ್ತರು, ಸಂಗೀತ ಸರಿಪಡಿಸಿದರು. ರಾಕ್ಷಸರು ಈಗ ಬೆನ್ನು ತಿರುಗಿಸಿಯೂ ನಡೆಯುತ್ತಾರೆ. ಡ್ರೀಮ್‌ಕಾಸ್ಟ್ ಹವ್ಯಾಸಿಗಳಂತೂ ಈಚೆಗೆ 1997ರ ಡೂಮ್ 64 ಅನ್ನು ತಮ್ಮ ಯಂತ್ರಕ್ಕೆ ತಂದಿದ್ದಾರೆ. ಮೂಲತಃ ಅದು ನಿಂಟೆಂಡೊ 64ಕ್ಕೆಂದೇ ಮಾಡಿದ ಆಟ, ಅಂದರೆ ಸೇಗಾದ ಎದುರಾಳಿಯದು.