ಪೋರ್ಷೆಯ ನಿಃಶ್ವಾಸಮಾರ್ಗ

1948ನೆಯ ಇಸವಿಯ ಜೂನ್ 8ರಂದು, ಆಸ್ಟ್ರಿಯ ದೇಶದ ಕ್ಯಾರಿಂಥಿಯ ಪ್ರಾಂತದ ಗ್ಮುಂಡ್ ಎಂಬ ಊರಿನಲ್ಲಿ, ಹಿಂದೊಮ್ಮೆ ಮರ ಕೊಯ್ಯುವ ಕಾರ್ಖಾನೆಯಾಗಿದ್ದ ಆವರಣದೊಳಗೆ ಸಿದ್ಧವಾದ ಒಂದು ಪುಟ್ಟ ಕಾರಿಗೆ ರಸ್ತೆಯಲ್ಲಿ ಸಂಚರಿಸಲು ಸರ್ಕಾರದ ಅಪ್ಪಣೆ ದೊರೆಯಿತು. ಫೆರಿ ಪೋರ್ಷೆಯವರ ಮುಂದಾಳುತನದಲ್ಲಿ ನಿರ್ಮಿತವಾಗಿ, ಮುಂದೆ ಜಗತ್ಪ್ರಸಿದ್ಧವಾದ 356 ಎಂಬ ಮಾಲಿಕೆಗೆ ಮೂಲಪುರುಷನಾದ ಕಾರು ಅದು. ಫೋಕ್ಸ್‌ವ್ಯಾಗನ್ನಿನಿಂದ ಪಡೆದು ತಿದ್ದಿಕೊಂಡ ಅದರ 1131 ಸಿಸಿ ಎಂಜಿನ್ನಿಗೆ ನೀರಿನ ಹಂಗೇ ಇರಲಿಲ್ಲ. ಪಂಖವೊಂದು ಎಡೆಬಿಡದೆ ಬೀಸಿದ ಗಾಳಿಯೇ ಅದನ್ನು ತಣಿಸುತ್ತಿತ್ತು.

ನೀರಿಲ್ಲದ ಎಂಜಿನ್ನಿನಿಂದ ಆಗುವ ಅನುಕೂಲಗಳನ್ನು ಎಲ್ಲರೂ ಬಲ್ಲರು: ರೇಡಿಯೇಟರಿಲ್ಲ, ಸೋರುವ ಕೊಳವೆಗಳಿಲ್ಲ, ಮಾಘಮಾಸದ ಹಿಮದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಸೀಳೀತೆಂಬ ಭಯವಿಲ್ಲ. ಆದರೆ ಕಾರಿನೊಳಗೆ ಕುಳಿತವರ ಚಳಿಯನ್ನು ಕಳೆಯುವ ಬಗೆಯೇನು? ಇತರ ಕಾರುಗಳಲ್ಲಿ ಎಂಜಿನ್ನಿನಲ್ಲಿ ಕಾದ ನೀರನ್ನೇ ಒಂದು ಸಣ್ಣ ಹೀಟರಿನ ಮೂಲಕ ಹಾಯಿಸಿ ಒಳಗನ್ನು ಬೆಚ್ಚಗೆ ಮಾಡಬಹುದು. ಇಲ್ಲಿ ಕಾದ ವಸ್ತುವೆಂದರೆ ಹೊಗೆಕೊಳವೆಯೊಂದೇ. ಆದುದರಿಂದ ಆ ಕೊಳವೆಗಳ ಸುತ್ತ ತಗಡಿನ ಕವಚವನ್ನು ತೊಡಿಸಿ, ಪಂಖದ ಗಾಳಿಯಲ್ಲಿ ಒಂದಂಶವನ್ನು ಆ ಕವಚದೊಳಗೆ ನುಗ್ಗಿಸಿ, ಕಾದ ಗಾಳಿಯನ್ನು ಪ್ರಯಾಣಿಕರ ಕಾಲಬಳಿಗೂ ಮುಂಗಾಜಿಗೂ ಮುಟ್ಟಿಸುವ ಉಪಾಯವು ಫೋಕ್ಸ್‌ವ್ಯಾಗನ್ನಿಗೂ ಪೋರ್ಷೆಗೂ ಸಮಾನವಾಗಿ ರೂಢಿಗೆ ಬಂದಿತು. ಚಳಿಗಾಲದಲ್ಲಿಯೂ ಕಿಟಕಿ ತೆರೆದು ಕಾರು ಓಡಿಸುವ ನಮ್ಮ ನಾಡಿನವರಿಗೆ ಇದರ ಮಹತ್ವ ಒಡನೆಯೇ ಹೊಳೆಯಲಾರದು. ಆಲ್ಪ್ಸ್ ತಪ್ಪಲಿನ ಜನಕ್ಕೆ ಅದು ಜೀವನಾವಶ್ಯಕವಾಗಿತ್ತು. ಸುಟ್ಟ ಅನಿಲವನ್ನು ಹೊರಹಾಕುವುದು, ಅದರ ಆರ್ಭಟವನ್ನು ಅಡಗಿಸುವುದು, ಕುಳಿತವರನ್ನು ಬೆಚ್ಚಗಿಡುವುದು ಎಂಬ ಮೂರು ಭಾರಗಳನ್ನು ಹೊತ್ತ ಈ ಅಂಗವನ್ನು ಒಂದು ಭಾರದ ಕಡೆಗೆ ತಿದ್ದಹೊರಟರೆ ಉಳಿದೆರಡು ತೊಂದರೆಗೊಳಗಾಗುತ್ತವೆ. ಅದನ್ನು ಉತ್ತಮಪಡಿಸಲು ಹೊರಟವರೆಲ್ಲರೂ ಎದುರಿಸಿದ ಇಕ್ಕಟ್ಟು ಇದೇ.

ಅಂತಹವರಲ್ಲಿ ಮೊದಲು ನೆನೆಯಬೇಕಾದವರು ಕಾರ್ಲೊ ಅಬಾರ್ತ್. 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ಹೆಸರು ಗಳಿಸಿ, ಯುದ್ಧಾನಂತರ ಇಟಲಿಯ ಚಿಸಿತಾಲಿಯಾ ಸಂಸ್ಥೆಗಾಗಿ ಪೋರ್ಷೆ ಬಳಗವು ಗ್ರ್ಯಾಂಡ್ ಪ್ರೀ ಕಾರೊಂದನ್ನು ರಚಿಸಿಕೊಟ್ಟಾಗ ಆ ವ್ಯವಹಾರದಲ್ಲಿ ಪಾಲ್ಗೊಂಡಿದ್ದ ಅವರು, ಆ ಸಂಸ್ಥೆ ಕುಸಿದ ಬಳಿಕ 1949ರಲ್ಲಿ ಸ್ವಂತ ಉದ್ಯಮವನ್ನು ಸ್ಥಾಪಿಸಿದರು. ಪಂದ್ಯದ ಹುಚ್ಚು ಹಣವನ್ನು ಬೇಡುತ್ತದೆ. ಆ ಹಣವನ್ನು ಅವರಿಗೆ ತಂದುಕೊಟ್ಟದ್ದು ಸೈಲೆನ್ಸರು. ಸಾಮಾನ್ಯ ಸೈಲೆನ್ಸರಿನಲ್ಲಿ ಅನಿಲವು ಅಡ್ಡಗೋಡೆಗಳಿಗೆ ತಾಗಿ, ಕೋಣೆಯಿಂದ ಕೋಣೆಗೆ ಸುತ್ತಿ ಬಳಲಿ ಹೊರಬೀಳುತ್ತದೆ. ಅಬಾರ್ತರದರಲ್ಲಿಯಾದರೋ ರಂಧ್ರಗಳುಳ್ಳ ನೇರ ಕೊಳವೆಯ ಸುತ್ತ ಗಾಜಿನ ನಾರನ್ನು ತುಂಬಿ, ಅನಿಲಕ್ಕೆ ದಾರಿ ಬಿಟ್ಟು ಸದ್ದನ್ನು ಮಾತ್ರ ಹೀರುವಂತೆ ಮಾಡಲಾಗಿತ್ತು. ಕಪ್ಪು ಮೈಯ, ಹೊಳೆಯುವ ಬಾಲದ, ಚೇಳಿನ ಮುದ್ರೆಯುಳ್ಳ ಆ ವಸ್ತು ಫಿಯಟ್ಟುಗಳಿಗೆ ಮಾತ್ರವಲ್ಲದೆ ಪೋರ್ಷೆ 356ಕ್ಕೂ ದೊರೆಯುತ್ತಿತ್ತು. ಅದರಿಂದ ಶಕ್ತಿಗಿಂತಲೂ ಧ್ವನಿಗೆ ಬಂದ ಲಾಭವೇ ಹೆಚ್ಚೆಂದು ನನ್ನ ಎಣಿಕೆ. ಆದರೂ, ಸಾಧಾರಣ ಸಂಬಳದ ಮನುಷ್ಯನು ಕೂಡ ತನ್ನ ಕಾರಿನ ಒಂದು ಭಾಗವನ್ನು ಬಿಚ್ಚಿ ಅದಕ್ಕಿಂತ ಮೇಲಾದುದನ್ನು ಜೋಡಿಸಿಕೊಳ್ಳಬಹುದೆಂಬ ಭಾವನೆಯನ್ನು ಯೂರೋಪಿನಲ್ಲಿ ಅಬಾರ್ತರಷ್ಟು ಹರಡಿದವರು ವಿರಳ.

1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಕಾಣಿಸಿಕೊಂಡು, ನಡುವೆ ಸೊನ್ನೆಯುಳ್ಳ ಸಂಖ್ಯೆಗಳು ತಮ್ಮ ಸ್ವತ್ತೆಂದು ಪೂಜೋ ಸಂಸ್ಥೆಯವರು ಆಕ್ಷೇಪಿಸಿದ ಕಾರಣ 911 ಎಂದು ನಾಮಾಂತರಗೊಂಡ ಕಾರಿನಲ್ಲಿ ಈ ವಿದ್ಯೆಯು ಪರಿಪಾಕವನ್ನು ಮುಟ್ಟಿತು. ಅದರದು ಆರು ಸಿಲಿಂಡರುಗಳು ಮೂರು ಮೂರಾಗಿ ಎಡಬಲಗಳಲ್ಲಿ ಮಲಗಿರುವ, 1991 ಸಿಸಿಯ, 130 ಅಶ್ವಶಕ್ತಿಯ ಎಂಜಿನ್. ಅವು ಉರಿಯುವ ಅನುಕ್ರಮ 1-6-2-4-3-5. ಅಂದರೆ ಎಡದ ಒಂದಾದ ಮೇಲೆ ಬಲದ ಒಂದು, ಮತ್ತೆ ಎಡ, ಮತ್ತೆ ಬಲ. ಹೀಗಾಗಿ ಪ್ರತಿಯೊಂದು ಪಕ್ಕದಲ್ಲಿಯೂ ಕ್ರ್ಯಾಂಕಿನ 240 ಡಿಗ್ರಿಗೊಮ್ಮೆ, ಒಂದಿಷ್ಟೂ ತಾಳ ತಪ್ಪದೆ, ಅನಿಲದ ಒಂದು ಹೊಡೆತ ಹೊರಬರುತ್ತದೆ. ಒಂದು ಸಿಲಿಂಡರಿನ ಕವಾಟ ತೆರೆದಾಗ ಹೊಮ್ಮಿದ ಒತ್ತಡದ ಅಲೆಯು ಕೊಳವೆಗಳು ಕೂಡುವೆಡೆಯನ್ನು ತಲುಪಿ, ಅಲ್ಲಿಂದ ಸೆಳೆತದ ಅಲೆಯಾಗಿ ಹಿಂದಿರುಗುತ್ತದೆ. ಕೊಳವೆಯ ಉದ್ದವು ಸರಿಯಾಗಿದ್ದರೆ, ಕವಾಟ ಮುಚ್ಚುವುದಕ್ಕೆ ಮೊದಲು ಆ ಸೆಳೆತವು ಒಳಗುಳಿದ ಸುಟ್ಟ ಅನಿಲವನ್ನೂ ಎಳೆದು ಹಾಕಿ ಹೊಸ ಮಿಶ್ರಣಕ್ಕೆ ಎಡೆಮಾಡಿಕೊಡುತ್ತದೆ. ಆ ಕಾಲದ ಎಂಜಿನಿಯರುಗಳು ಪ್ರತಿ ಪಕ್ಕದ ಮೂರು ಕೊಳವೆಗಳನ್ನು ಸಮಾನ ಉದ್ದಕ್ಕೆ ಬಾಗಿಸಿ ಒಂದಾಗಿ ಕೂಡಿಸಿ, ಮೇಲೆ ಹೀಟರಿನ ಕವಚವನ್ನು ಹೊದಿಸಿ, ಎರಡು ಪಕ್ಕಗಳಿಂದ ಬಂದುದನ್ನು ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿಸಿದ ಒಂದೇ ಸೈಲೆನ್ಸರಿಗೆ ಒಯ್ದರು. ಕವಚವನ್ನು ಸುಲಿದು ನೋಡಿದರೆ ಅದು ಪಂದ್ಯದ ಕಾರಿಗೆ ತಕ್ಕ ಕೊಳವೆ. ಕವಚದೊಡನೆ ನೋಡಿದರೆ ಮನೆಮಂದಿಯ ಕಾರಿಗೆ ತಕ್ಕ ಹೀಟರು. ಈ ಎರಡನ್ನೂ ಒಂದೇ ತಗಡಿನಲ್ಲಿ ಸಾಧಿಸಿದ ಆ ಕೈಗಳ ವಿಷಯದಲ್ಲಿ ನನಗೆ ಅಪಾರವಾದ ಗೌರವವಿದೆ. 1973ರ ಕರೇರಾ ಆರ್‌ಎಸ್‌ನಲ್ಲಿ, ಎಂಜಿನ್ 2687 ಸಿಸಿಗೂ 210 ಅಶ್ವಶಕ್ತಿಗೂ ಬೆಳೆದಾಗ ಕೂಡ, ಮೂಲ ವಿನ್ಯಾಸವು ಬದಲಾಗಲಿಲ್ಲ.

ಬದಲಾಯಿಸಿದ್ದು ಕಾನೂನು. 1970ರಲ್ಲಿ ಅಮೆರಿಕದ ಶುದ್ಧವಾಯು ಶಾಸನವೂ, ಅದೇ ವರ್ಷದ ಫೆಬ್ರವರಿಯಲ್ಲಿ ಯೂರೋಪಿಯನ್ ಆರ್ಥಿಕ ಸಮುದಾಯದ ಶಬ್ದನಿಯಮವೂ ಬಂದವು. ಎರಡನೆಯದು ಕಾರುಗಳಿಗೆ ಗೊತ್ತುಪಡಿಸಿದ 82 ಡೆಸಿಬೆಲ್ಲಿನ ಮಿತಿಯು ಹಂತಹಂತವಾಗಿ ಇಳಿದು 1992ರ ತಿದ್ದುಪಡಿಯಲ್ಲಿ 74ಕ್ಕೆ ಮುಟ್ಟಿತು. ಈ ಶಾಸನಗಳನ್ನು ಹಳಿಯುವುದು ಕಾರುಪ್ರಿಯರಲ್ಲಿ ವಾಡಿಕೆ, ನಾನು ಹಳಿಯಲಾರೆ. ಲಾಸ್ ಏಂಜಲಿಸ್ ನಗರದ ಮಕ್ಕಳ ಶ್ವಾಸಕೋಶವು ಯಾವ ಎಂಜಿನ್ನಿನ ಇಂಚರಕ್ಕಿಂತಲೂ ಬೆಲೆಯುಳ್ಳದ್ದು. ಆದರೆ ಮೊದಲು ಹುಡುಕಿದ ಪರಿಹಾರವು ಎಂಜಿನ್ನಿಗೆ ಕ್ರೂರವಾಗಿತ್ತೆಂಬುದು ನಿಜ. 1975ರಿಂದ ಕೊಳವೆಗಳ ಸಮಾನತೆಯನ್ನು ಬಿಟ್ಟು, ಒಂದು ಪಕ್ಕದ ಅನಿಲವನ್ನು ಸುತ್ತುದಾರಿಯಿಂದ ಮತ್ತೊಂದು ಪಕ್ಕಕ್ಕೆ ತಂದು ಎರಡನ್ನೂ ಒಂದೇ ನಾಳದಲ್ಲಿ ಹರಿಸಿದರು. ಅಮೆರಿಕಕ್ಕೆ ಹೋಗುವ ಕಾರುಗಳಿಗೆ, ಮೊದಲು ಕ್ಯಾಲಿಫೋರ್ನಿಯದಲ್ಲಿ, ಆಮೇಲೆ ಎಲ್ಲೆಡೆ, ಥರ್ಮಲ್ ರಿಯಾಕ್ಟರ್ ಎಂಬ ಕುಲುಮೆಯನ್ನು ಜೋಡಿಸಿದರು. ಸುಡದೆ ಉಳಿದ ಅನಿಲವನ್ನು ಅಲ್ಲಿಯೇ ಸುಟ್ಟು ಮುಗಿಸುವ ಆ ಪಾತ್ರೆಯ ತಾಪವು ನೇರವಾಗಿ ಎಂಜಿನ್ನಿಗೆ ತಗುಲಿತು. ಮ್ಯಾಗ್ನೀಸಿಯಮ್ಮಿನ ಕ್ರ್ಯಾಂಕ್‌ಕೇಸು ಆ ಬಿಸಿಗೆ ಸಡಿಲಗೊಂಡು, ಸಿಲಿಂಡರ್ ತಲೆಗಳನ್ನು ಬಿಗಿದು ಹಿಡಿದಿದ್ದ ಸ್ಟಡ್ಡುಗಳು ತಮ್ಮ ತಿರುಪಿನ ಎಳೆಗಳೊಡನೆ ಕಿತ್ತುಬಂದ ಉದಾಹರಣೆಗಳು ಅಸಂಖ್ಯ. 1978ರ 911 ಎಸ್‌ಸಿ ಮಾದರಿಯು ಅಲ್ಯೂಮಿನಿಯಮ್ಮಿನ ಕೇಸಿನೊಡನೆ ಬಂದಿತು. 1980ರಲ್ಲಿ ಅಮೆರಿಕದ ಕಾರುಗಳಿಗೆ ಆಕ್ಸಿಜನ್ ಸೆನ್ಸರುಳ್ಳ ಕೆಟಲಿಟಿಕ್ ಕನ್ವರ್ಟರು ಬಂದಿತು.

ಮನುಷ್ಯರ ಕಾನೂನಿಗಿಂತ ಹಳೆಯದಾದ ಇನ್ನೊಂದು ಶತ್ರುವಿತ್ತು. ಒಂದು ಲೀಟರು ಪೆಟ್ರೋಲು ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಹುಟ್ಟುತ್ತದೆ. ದೂರ ಓಡಿದ ಕಾರಿನಲ್ಲಿ ಅದು ಆವಿಯಾಗಿ ಹೋಗುತ್ತದೆ. ಹತ್ತಿರದ ಅಂಗಡಿಗೆ ಹೋಗಿ ಬಂದ ಕಾರಿನಲ್ಲಿ ಆಮ್ಲದೊಡನೆ ಬೆರೆತು ಸೈಲೆನ್ಸರಿನ ಹೊಟ್ಟೆಯಲ್ಲಿಯೇ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗಡೆಯಿಂದ ಹಿಮಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪು ತಿನ್ನುತ್ತದೆ. ಹೀಟರಿನ ಕವಚದೊಳಗಣ ಕೊಳವೆ ತೂತಾದರಂತೂ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಬಿಸಿಗಾಳಿಯ ಸಂಗಡ ಕುಳಿತವರ ಮೂಗಿಗೆ ಬರುತ್ತದೆ. ಎಂಜಿನ್ ಆಯಿಲು ಆ ಕವಚದ ಮೇಲೆ ತೊಟ್ಟಿಕ್ಕಿ ಹೊಗೆಯಾದರೆ ವಾಸನೆಯಾದರೂ ಎಚ್ಚರಿಸುತ್ತದೆ, ಇದು ಎಚ್ಚರಿಸುವುದಿಲ್ಲ.

ಕಾನೂನು, ತುಕ್ಕು ಎಂಬ ಇವೆರಡು ಕಾರಣಗಳು ಕೂಡಿದಾಗ ಹುಟ್ಟಿದ ಪದ್ಧತಿಯೇ, 1975ರ ಅನಂತರದ ಕಾರಿಗೆ ಅದಕ್ಕೂ ಹಿಂದಿನ ವಿನ್ಯಾಸದ ಕೊಳವೆಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿ ಜೋಡಿಸುವುದು. ಎಸ್‌ಎಸ್‌ಐ ಎಂಬ ಮೂರು ಅಕ್ಷರಗಳಿಂದ ಹೆಸರಾದ ಕವಚಸಹಿತ ಕೊಳವೆಗಳನ್ನು ಎಸ್‌ಸಿ ಕಾರಿನ ಒಡೆಯರು ಇಂದಿಗೂ ಆದರದಿಂದ ಅರಸುತ್ತಾರೆ. ಕೆಲಸ ಸುಲಭದ್ದಲ್ಲ. ಸಿಲಿಂಡರಿಗೆ ಎರಡರಂತೆ ಹನ್ನೆರಡು ನಟ್ಟುಗಳು. ಕೆಲವಕ್ಕೆ ಸ್ಪ್ಯಾನರು ಎಟುಕುವುದೇ ಇಲ್ಲ, ಕವಚದಲ್ಲಿಯೇ ಬಿಟ್ಟಿರುವ ರಂಧ್ರದ ಮೂಲಕ ಉದ್ದವಾದ ಅಲೆನ್ ಕೀಯನ್ನು ತೂರಿಸಬೇಕು. ಅನುಭವಿಯಾದ ಮೆಕ್ಯಾನಿಕ್ಕು ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಉಣಿಸಿ, ಮರುದಿನ ಗ್ಯಾಸ್ ಜ್ವಾಲೆಯಿಂದ ಕೆಂಪಗೆ ಕಾಯಿಸಿ, ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಮರಳಿ ತಿರುಗಿಸಿ, ತಾಳ್ಮೆಯಿಂದ ಸಡಿಲಿಸುತ್ತಾನೆ. ಆತುರಪಟ್ಟರೆ ಸ್ಟಡ್ಡು ತಲೆಯೊಳಗೇ ಮುರಿಯುತ್ತದೆ. ಆಮೇಲೆ ಎಂಜಿನ್ನನ್ನೇ ಕೆಳಗಿಳಿಸಿ ಡ್ರಿಲ್ಲು ಹಿಡಿಯಬೇಕಾದೀತು. ಇದಲ್ಲದೆ, ಟ್ಯಾಂಕಿಗೆ ಹೋಗುವ ಆಯಿಲ್ ಪೈಪುಗಳು ಹೊಸ ವಿನ್ಯಾಸದಲ್ಲಿ ಹಳೆಯ ಕವಚದ ಜಾಗವನ್ನೇ ಆಕ್ರಮಿಸಿರುವುದರಿಂದ ಅವುಗಳನ್ನೂ ಹಳೆಯ ಮಾದರಿಗೆ ಬದಲಿಸಬೇಕು. ಎರಡು ಬಾಯಿಗಳ ಸೈಲೆನ್ಸರೂ ಬೇಕು.

ಇನ್ನೂ ಮುಂದೆ ಹೋಗಿ, ಕವಚವನ್ನೇ ಕಿತ್ತೊಗೆದು ಪಂದ್ಯದ ಹೆಡರುಗಳೆಂಬ ಬರಿಯ ಕೊಳವೆಗಳನ್ನು ಹಾಕಿಸಿಕೊಂಡವರೂ ಉಂಟು. ಪಂದ್ಯದ ಅಂಗಣಕ್ಕಾದರೆ ಒಪ್ಪಬಹುದು. ರಸ್ತೆಯ ಕಾರಿಗೆ ನಾನು ಒಪ್ಪಲಾರೆ. ಮಂಜು ಕವಿದ ಮುಂಗಾಜನ್ನು ತಿಳಿಗೊಳಿಸಲು ಬಿಸಿಗಾಳಿಯಿಲ್ಲದಂತೆ ಮಾಡಿ ಗಳಿಸಿದ ಬೆರಳೆಣಿಕೆಯ ಅಶ್ವಶಕ್ತಿಯನ್ನು ಉತ್ತಮಿಕೆಯೆಂದು ಕರೆಯುವುದು ಆ ಮೊದಲ ಎಂಜಿನಿಯರುಗಳ ಬುದ್ಧಿಗೆ ಮಾಡಿದ ಅವಮಾನ.

1997ರಲ್ಲಿ ಜರ್ಮನಿಯ ಸರ್ಕಾರವು ಮೂವತ್ತು ವರ್ಷ ದಾಟಿದ, ಸಂರಕ್ಷಣೆಗೆ ಯೋಗ್ಯವಾದ ವಾಹನಗಳಿಗೆ ಎಚ್ ಅಕ್ಷರದ ಪ್ರತ್ಯೇಕ ನಂಬರ್‌ಪ್ಲೇಟನ್ನು ಜಾರಿಗೆ ತಂದು, ಆ ಕಾಲದಲ್ಲಿಯೇ ರೂಢಿಯಲ್ಲಿದ್ದ ಮಾರ್ಪಾಡುಗಳನ್ನು ಮಾನ್ಯ ಮಾಡಿದ್ದು ವಿವೇಕದ ಕೆಲಸ. ಅಬಾರ್ತರ ಸೈಲೆನ್ಸರು ಹೊತ್ತ 356 ಕೂಡ ಹೀಗೆ ಚರಿತ್ರೆಯ ಭಾಗವೇ ಆಗುತ್ತದೆ. ಮರುವರ್ಷ, 1998ರಲ್ಲಿ, 993 ಎಂಬ ಕೊನೆಯ ವಾಯುಶೀತಲ 911ರ ತಯಾರಿಕೆ ಜುಫನ್‌ಹೌಸನ್ನಿನಲ್ಲಿ ನಿಂತಿತು. ಅಲ್ಲಿಂದ ಮುಂದೆ ಹೊಸ ಕಾರುಗಳಲ್ಲಿ ಕಾದ ನೀರೇ ಹೀಟರಿನ ಕೆಲಸವನ್ನು ನೋಡಿಕೊಳ್ಳತೊಡಗಿ, ಹೊಗೆಕೊಳವೆಗೆ ಎರಡೇ ಭಾರಗಳು ಉಳಿದವು. ಹಳೆಯ ಕಾರುಗಳನ್ನು ಇಂದು ತಿದ್ದುವ ಕುಶಲಿಗಳಲ್ಲಿ ನನ್ನದೊಂದು ಬೇಡಿಕೆ: ಬಿಚ್ಚಿದ ಮೂಲಭಾಗಗಳು ಎಷ್ಟೇ ಕುರೂಪವಾಗಿದ್ದರೂ, ಕೊನೆಗೆ ಆ ಶಾಪಗ್ರಸ್ತ ಥರ್ಮಲ್ ರಿಯಾಕ್ಟರೇ ಆಗಿದ್ದರೂ, ಗುಜರಿಗೆ ಹಾಕದೆ ಎಣ್ಣೆ ಸವರಿ, ಕಾರಿನ ನಂಬರು ಬರೆದು, ಒಡೆಯನ ವಶಕ್ಕೇ ಒಪ್ಪಿಸಬೇಕು.