ಇಬ್ಬರು ಸುಲೋಚನೆಯರ ನಡುವೆ

ಮೊನ್ನೆ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೀರೂರು ಸ್ಟೇಷನ್ನಿಗೆ ಬೈಕು ತಂದಿದ್ದ ಅಪ್ಪ, ನಾನು ಬ್ಯಾಗು ಇಳಿಸೋ ಮೊದಲೇ ಕೇಳಿದರು: “ಅದೇನೋ ಸುಲೋಚನಾ ದೆವ್ವದ ಪಿಚ್ಚರ್ ಅಂತಲ್ಲ, ಎಲ್ಲಿ ಆಡ್ತಿದೆ?”

“ಹೋಗಿ ಎಷ್ಟೋ ದಿನ ಆಯ್ತಲ್ಲಪ್ಪ. ಈಗ ಮೊಬೈಲಲ್ಲಿ ಬರುತ್ತೆ.”

“ಮೊಬೈಲಲ್ಲಿ ನೋಡೋದು ಪಿಚ್ಚರ್ರಾ?”

ಅವರು ಕೇಳಿದ್ದು 2025ರ ಜುಲೈ 25ಕ್ಕೆ ಬಿಡುಗಡೆಯಾದ ‘ಸು ಫ್ರಮ್ ಸೋ’ ಬಗ್ಗೆ. ತಮಾಷೆ ನೋಡಿ, ಕನ್ನಡದ ಮೊದಲ ಟಾಕಿಯೂ ಒಬ್ಬ ಸುಲೋಚನೆಯ ಕಥೆಯೇ. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’. ನಮ್ಮಲ್ಲಿ ಸ್ಟುಡಿಯೋ ಇಲ್ಲದ್ದರಿಂದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಮತ್ತು ತಂಡ ಕೊಲ್ಲಾಪುರಕ್ಕೆ ಹೋಗಿ ಚಿತ್ರೀಕರಿಸಿದರು. ಆಗ ಸಿನಿಮಾ ಮಾಡೋದೇ ಕಷ್ಟ ಇತ್ತು. ಈಗ ಮಾಡಿದ್ದನ್ನು ನೋಡುವವರ ಹತ್ತಿರ ತಲುಪಿಸೋದು ಕಷ್ಟ.

ಮೊದಲು ಹೀಗಿರಲಿಲ್ಲ. ಪ್ರಿಂಟು ಮಾಡಿಸೋದು ದುಬಾರಿ, ಹಾಗಾಗಿ ಇದ್ದ ಕೆಲವೇ ಪ್ರಿಂಟುಗಳು ಬೆಂಗಳೂರಲ್ಲಿ ಓಡಿ, ಜಿಲ್ಲಾ ಕೇಂದ್ರಗಳಲ್ಲಿ ಓಡಿ, ಆಮೇಲೆ ತಗಡಿನ ಪೆಟ್ಟಿಗೆಯಲ್ಲಿ ನಮ್ಮಂಥ ಊರುಗಳಿಗೆ ಬರುತ್ತಿದ್ದವು. ತಡವಾಗಿ ಬರುತ್ತಿದ್ದವು, ಆದರೆ ಬರುತ್ತಿದ್ದವು. 1972ರ ‘ಬಂಗಾರದ ಮನುಷ್ಯ’ವನ್ನು ಅಪ್ಪ ನೋಡಿದ್ದೂ ಹೀಗೇ. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ನಮ್ಮ ಕಡೆಗೆ ಬರೋ ಹೊತ್ತಿಗೆ ಅದರ ಹಾಡುಗಳು ನಮಗೆಲ್ಲ ಬಾಯಿಪಾಠ. ತೆರೆಯ ಮೇಲೆ ಮಳೆಯ ಜೊತೆ ಪ್ರಿಂಟಿನ ಗೀರುಗಳೂ ಸುರೀತಿದ್ದವು. ಆ ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಓಡಿತು. ಬಾಯಿಂದ ಬಾಯಿಗೆ ಸುದ್ದಿ ಹರಡೋಕೆ ಆಗ ಸಮಯವಿತ್ತು.

ಆಮೇಲೆ ರೀಲು ಹೋಗಿ ಡಿಜಿಟಲ್ ಬಂತು. ಬೆಂಗಳೂರಿಗೂ ಕಡೂರಿಗೂ ಒಂದೇ ಶುಕ್ರವಾರ. ಒಳ್ಳೆಯದೇ ಆಯ್ತು ಅಂದುಕೊಂಡ್ವಿ. ಆದರೆ ಎಲ್ಲ ಕಡೆ ಒಟ್ಟಿಗೆ ಬಂದದ್ದು ಎಲ್ಲ ಕಡೆ ಒಟ್ಟಿಗೇ ಹೋಗುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಹಂತ ಹಂತವಾದ ರೋಲ್‌ಔಟ್ ಬಿಟ್ಟು ಒಂದೇ ಸಲ ರಿಲೀಸ್ ಮಾಡಿ, ಮೂರನೇ ದಿನದ ಅಂಕಿ ನೋಡಿ ಪ್ರಾಡಕ್ಟನ್ನೇ ಮುಚ್ಚಿದ ಹಾಗೆ.

ಇತ್ತೀಚಿನ ಏರಿಳಿತಗಳನ್ನು ಹೀಗೆ ನೋಡಿದರೆ ಅರ್ಥವಾಗುತ್ತವೆ. 2022ರಲ್ಲಿ ಏಪ್ರಿಲಿನಲ್ಲಿ ‘ಕೆಜಿಎಫ್ 2’, ಜೂನಿನಲ್ಲಿ ‘777 ಚಾರ್ಲಿ’, ಸೆಪ್ಟೆಂಬರ್ 30ಕ್ಕೆ ‘ಕಾಂತಾರ’. ದೇಶವೇ ತಿರುಗಿ ನೋಡಿತು. 2024ರ ಮೊದಲರ್ಧ ಮಾತ್ರ ಪೂರ್ತಿ ಸಪ್ಪೆ. ತೀರ್ಥಹಳ್ಳಿಯ ಹಿನ್ನೆಲೆಯ ‘ಶಾಖಾಹಾರಿ’ಯಂಥ ಒಳ್ಳೆ ಸಿನಿಮಾವನ್ನು ಬಹಳ ಜನ ನೋಡಿದ್ದು ಥಿಯೇಟರಿನಿಂದ ಹೋದ ಮೇಲೆ, ಓಟಿಟಿಯಲ್ಲಿ. ಆಗಸ್ಟಿನಲ್ಲಿ ‘ಭೀಮ’, ‘ಕೃಷ್ಣಂ ಪ್ರಣಯ ಸಖಿ’ ಬಂದು ಸ್ವಲ್ಪ ಉಸಿರು ಬಂತು. ಅಕ್ಟೋಬರಿನಲ್ಲಿ ಭಾರೀ ಖರ್ಚಿನ ‘ಮಾರ್ಟಿನ್’ ಮುಗ್ಗರಿಸಿತು. 2025ರಲ್ಲಿ ‘ಸು ಫ್ರಮ್ ಸೋ’ ಗೆದ್ದಿದ್ದು ಕಟೌಟಿನಿಂದಲ್ಲ, ಮೊದಲ ವಾರಾಂತ್ಯದಲ್ಲೇ ಜನರಾಡಿದ ಮಾತಿನಿಂದ. ಶೋಗಳು ದಿನದಿಂದ ದಿನಕ್ಕೆ ಹೆಚ್ಚಿದವು.

“ಕನ್ನಡ ಸಿನಿಮಾಕ್ಕೆ ಪ್ರೇಕ್ಷಕರಿಲ್ಲ” ಅಂತ ನಾವು ಕ್ಯಾಂಟೀನಿನಲ್ಲಿ ತೀರ್ಪು ಕೊಡ್ತೀವಿ. ಪ್ರೇಕ್ಷಕ ನಮ್ಮಪ್ಪ. ಇದ್ದಾರೆ. ಅವರ ಕಿವಿಗೆ ಹೆಸರು ಬೀಳೋ ಹೊತ್ತಿಗೆ ಸಿನಿಮಾ ಇರೋಲ್ಲ, ಅಷ್ಟೇ. ಸರ್ಕಾರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆ ಜಗಳ ಕೂಡ ನಮ್ಮ ಮಾಲ್‌ಗಳದ್ದೇ, ಅಪ್ಪನದಲ್ಲ.

ಆ ರಾತ್ರಿ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ಅಪ್ಪ ಪಕ್ಕದ ಮನೆಯವರನ್ನೂ ಕರೆದರು. ಏಳೆಂಟು ಜನ ಒಟ್ಟಿಗೆ ನಕ್ಕಿದ್ದೇ ನಕ್ಕಿದ್ದು. ಅರ್ಧಕ್ಕೆ ಅಪ್ಪ ಎದ್ದು, “ಇಂಟ್ರವಲ್ ಬಿಡೋ, ಟೀ ಕುಡಿಯೋಣ” ಅಂದರು.

ಹಾಗಾಗಿ ಒಂದು ಮಾತು: ಸಣ್ಣ ಸಿನಿಮಾ ಚೆನ್ನಾಗಿದೆ ಅಂತ ಕೇಳಿದರೆ, ಓಟಿಟಿಗೆ ಬರಲಿ ಅಂತ ಕಾಯಬೇಡಿ. ಮೊದಲ ಶನಿವಾರವೇ ಹೋಗಿ. ಬೀರೂರಿನ ಕಡೆ ಅದು ಎರಡನೇ ವಾರ ಇರುತ್ತೋ ಇಲ್ಲವೋ ಅನ್ನೋದು ನೀವು ಕೊಂಡ ಆ ಟಿಕೆಟ್ಟಿನ ಮೇಲೂ ನಿಂತಿದೆ.